ಕಣದ ರಾಶಿಯೂ ಶಂಕುವಿನ ಗಣಿತವೂ

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ದಿಕ್ಕಿಗಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮಳೆಯ ವಿಷಯದಲ್ಲಿ ಬಹು ದರಿದ್ರವಾದ ಸೀಮೆಗಳು. ವೇದಾವತಿಯ ಮರಳುಪಾತ್ರವನ್ನೂ ಅಲ್ಲೊಂದು ಇಲ್ಲೊಂದು ಕೆರೆಯನ್ನೂ ಬಿಟ್ಟರೆ ಇಲ್ಲಿಯ ಬೇಸಾಯವು ಬಹುಮಟ್ಟಿಗೆ ಆಕಾಶವನ್ನೇ ನಂಬಿ ಬಂದುದಾಗಿದೆ. ನವಣೆ, ಸಜ್ಜೆ, ಜೋಳ, ರಾಗಿ, ಹುರುಳಿ ಇವು ಹಿಂದಿನವರ ಬೆಳೆಗಳು. ೨೦ನೆಯ ಶತಮಾನದಲ್ಲಿ ಶೇಂಗಾ ಬಂದು ಇವುಗಳ ಸ್ಥಳವನ್ನು ಬಹುಪಾಲು ಆಕ್ರಮಿಸಿ, ಚಳ್ಳಕೆರೆಯನ್ನು ಎಣ್ಣೆಗಿರಣಿಗಳ ಊರೆಂದು ಹೆಸರುಗೊಳಿಸಿತು. ಇಂಥ ನೆಲದಲ್ಲಿ ಕಣದ ನಡುವೆ ನಿಂತ ಧಾನ್ಯದ ರಾಶಿಯೆಂದರೆ ಬರಿಯ ಗುಡ್ಡೆಯಲ್ಲ. ಒಂದು ಮನೆತನದ ವರ್ಷದ ಅನ್ನ, ಮುಂದಿನ ವರ್ಷದ ಬೀಜ, ಸಾಹುಕಾರನ ಬಡ್ಡಿ, ಆಯಗಾರರ ಪಾಲು, ಇಷ್ಟೂ ಅದರೊಳಗಿರುತ್ತಿದ್ದವು. ಆದುದರಿಂದ ಆ ರಾಶಿ ಎಷ್ಟಿದೆ ಎಂಬ ಪ್ರಶ್ನೆಯನ್ನು ಯಾರೂ ಲಘುವಾಗಿ ಕೇಳುತ್ತಿರಲಿಲ್ಲ.

ಹಂತಿ ಕಟ್ಟಿ, ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸಿ, ಅಥವಾ ರೋಣಗಲ್ಲನ್ನು ಉರುಳಿಸಿ ತೆನೆಯನ್ನು ತುಳಿಸಿದ ಮೇಲೆ ಗಾಳಿಗೆ ತೂರುವರು. ಹೊಟ್ಟು ದೂರ ಹಾರುವುದು, ಕಾಳು ಕೆಳಗೆ ಸುರಿಯುವುದು. ಹಾಗೆ ಸುರಿದ ಕಾಳು ತಾನಾಗಿಯೇ ಒಂದು ಆಕಾರವನ್ನು ತಳೆಯುತ್ತದೆ. ಕೆಳಗೆ ವರ್ತುಲ, ಮೇಲೆ ಒಂದೇ ತುದಿ, ಸುತ್ತಲೂ ಸಮನಾದ ಇಳಿಜಾರು. ಇದನ್ನು ಯಾವ ಶಿಲ್ಪಿಯೂ ತಿದ್ದಿದುದಲ್ಲ. ಆದರೂ ಪಾಠಶಾಲೆಯ ಕರಿಹಲಗೆಯ ಮೇಲೆ ಉಪಾಧ್ಯಾಯರು ಶಂಕುವೆಂದು ಬರೆದು ತೋರಿಸುವ ಆಕೃತಿಗೆ ಇದಕ್ಕಿಂತ ಹತ್ತಿರವಾದ ವಸ್ತುವು ರೈತನ ಮನೆಯ ಹುಡುಗನಿಗೆ ಬೇರೆ ದೊರೆಯಲಾರದು. ತಳದ ಕ್ಷೇತ್ರಫಲವನ್ನು ಎತ್ತರದಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಶಂಕುವಿನ ಘನಫಲ ಬರುತ್ತದೆಯೆಂದು ಆ ಹುಡುಗನು ಬಾಯಿಪಾಠ ಮಾಡುತ್ತಾನೆ. ಅದೇ ಸೂತ್ರವನ್ನು ನಮ್ಮ ದೇಶದ ಗಣಿತಗ್ರಂಥಗಳು ಕಣದಲ್ಲಿ ಉಪಯೋಗಕ್ಕೆ ಬರುವಂತೆ ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿದ್ದುವು ಎಂಬುದನ್ನು ಮಾತ್ರ ಅವನಿಗೆ ಹೇಳುವವರು ಕಡಮೆ.

ಆ ಗ್ರಂಥಗಳಲ್ಲಿ 'ರಾಶಿವ್ಯವಹಾರ'ವೆಂಬುದು ಪ್ರತ್ಯೇಕವಾದ ಒಂದು ಪ್ರಕರಣ. ಕ್ರಿ. ಶ. ೬೨೮ರಲ್ಲಿ ಬ್ರಹ್ಮಗುಪ್ತನು ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಅದು ಇದೆ. ೧೧೫೦ರ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿಯೂ ಇದೆ. ಭಾಸ್ಕರನ ಊರಾದ ವಿಜ್ಜಡವಿಡವು ನಮ್ಮ ಬಿಜಾಪುರವೇ ಎಂದು ಕೆಲವರೂ, ಅಲ್ಲ, ಖಾನದೇಶದ ಕಡೆಯದೆಂದು ಕೆಲವರೂ ವಾದಿಸುತ್ತಾರೆ. ಆ ವಾದವು ತೀರಿದರೂ ತೀರದಿದ್ದರೂ ಲೀಲಾವತಿಯನ್ನು ಕನ್ನಡನಾಡಿನ ಅಯ್ಯಗಳ ಮಠಗಳು ಓದಿದುದಕ್ಕೆ ಕೊರತೆಯಿಲ್ಲ.

ಅಲ್ಲಿ ಹೇಳಿರುವ ಕ್ರಮವು ಹೀಗಿದೆ. ರಾಶಿಯ ಬುಡದ ಸುತ್ತ ಹಗ್ಗವನ್ನು ಹಿಡಿದು ಸುತ್ತಳತೆಯನ್ನು ತೆಗೆದುಕೊಳ್ಳಬೇಕು. ಅದರ ಆರನೆಯ ಒಂದು ಪಾಲನ್ನು ವರ್ಗಮಾಡಿ ಎತ್ತರದಿಂದ ಗುಣಿಸಬೇಕು. ಬಂದ ಲಬ್ಧವು ಘನಹಸ್ತಗಳು. ಒಂದು ಘನಹಸ್ತವೆಂದರೆ ಮಗಧದೇಶದ ಒಂದು ಖಾರಿ. ನೋಡುವುದಕ್ಕೆ ಇದು ಶಾಲೆಯ ಸೂತ್ರಕ್ಕಿಂತ ಬೇರೆಯಾಗಿ ಕಾಣುವುದು. ಆದರೆ ಪರಿಧಿಯು ವ್ಯಾಸದ ಮೂರರಷ್ಟೆಂದು ಸ್ಥೂಲವಾಗಿ ಇಟ್ಟುಕೊಂಡು ಲೆಕ್ಕ ಮಾಡಿದರೆ ತಳದ ಕ್ಷೇತ್ರಫಲವು ಪರಿಧಿಯ ವರ್ಗದ ಹನ್ನೆರಡನೆಯ ಒಂದು ಪಾಲಾಗುತ್ತದೆ. ಅದರ ಮೂರನೆಯ ಒಂದು ಪಾಲು ಮೂವತ್ತಾರನೆಯ ಒಂದು. ಮೂವತ್ತಾರು ಆರರ ವರ್ಗವಷ್ಟೆ. ಹೀಗೆ ಶಂಕುವಿನ 'ಮೂರನೆಯ ಒಂದು' ಎಂಬುದು ಆ ಆರರೊಳಗೆ ಅಡಗಿಕೊಂಡಿದೆ. ಕಣದಲ್ಲಿ ನಿಂತವನಿಗೆ ವ್ಯಾಸವನ್ನು ಅಳೆಯುವುದು ಸಾಧ್ಯವಲ್ಲ, ರಾಶಿಯೇ ಅಡ್ಡವಾಗಿರುವುದು. ಸುತ್ತಳತೆಯಾದರೆ ಒಂದು ಹಗ್ಗದ ಕೆಲಸ. ಸೂತ್ರವನ್ನು ಬರೆದವರು ಹಗ್ಗ ಹಿಡಿದವನ ಕಷ್ಟವನ್ನು ಬಲ್ಲವರಾಗಿದ್ದರು.

ಎತ್ತರವನ್ನು ಅಳೆಯುವ ಬಗೆ ಹೇಗೆ? ರಾಶಿಯ ನಡುವೆ ಕೋಲು ಚುಚ್ಚುವುದು ಒಂದು ಉಪಾಯ. ಆದರೆ ನಮ್ಮ ಕಡೆ ರಾಶಿಯು ಪೂಜೆಯ ವಸ್ತು. ತುದಿಯಲ್ಲಿ ಸಗಣಿಯ ಬೆನಕನನ್ನು ಇಟ್ಟು ಹೂವೇರಿಸಿದ ಮೇಲೆ ಅದಕ್ಕೆ ಕೋಲು ಚುಚ್ಚಲು ಯಾವ ಒಕ್ಕಲಿಗನು ತಾನೆ ಒಪ್ಪುವನು! ಶಾಸ್ತ್ರಕಾರರು ಇಲ್ಲಿ ಬಹು ರಮಣೀಯವಾದ ಇನ್ನೊಂದು ಉಪಾಯವನ್ನು ಹೇಳಿದ್ದಾರೆ. ಕಾಳಿನ ಜಾತಿಯನ್ನು ತಿಳಿದರೆ ಸಾಕು, ಎತ್ತರವು ಸುತ್ತಳತೆಯಿಂದಲೇ ತಿಳಿಯುತ್ತದೆ. ಕಡಲೆಯೇ ಮೊದಲಾದ ದಪ್ಪಕಾಳಿನ ರಾಶಿಗೆ ಸುತ್ತಳತೆಯ ಹತ್ತನೆಯ ಒಂದು ಪಾಲು ಎತ್ತರ; ಸಾಸಿವೆಯಂಥ ಸಣ್ಣಕಾಳಿಗೆ ಹನ್ನೊಂದನೆಯ ಒಂದು; ಮೀಸೆಯಿರುವ ಧಾನ್ಯಕ್ಕೆ ಒಂಬತ್ತನೆಯ ಒಂದು. ಸಣ್ಣನೆಯ ನುಣುಪಾದ ಕಾಳು ಹೆಚ್ಚು ಜಾರಿ ಹರಡುತ್ತದೆ, ರಾಶಿ ತಗ್ಗುತ್ತದೆ. ಮೀಸೆಯ ಕಾಳು ಒಂದಕ್ಕೊಂದು ತೊಡರಿಕೊಂಡು ಎತ್ತರಕ್ಕೆ ನಿಲ್ಲುತ್ತದೆ. ಇಂದಿನ ರೀತಿಯಲ್ಲಿ ಕೋನವನ್ನು ಎಣಿಸಿ ನೋಡಿದರೆ ಈ ಮೂರು ನಿಯಮಗಳಿಂದ ಕ್ರಮವಾಗಿ ಸುಮಾರು ೩೨, ೩೦, ೩೫ ಡಿಗ್ರಿಗಳ ಇಳಿಜಾರು ಬರುತ್ತದೆ. ಒಣಗಿದ ಧಾನ್ಯವು ನಿಲ್ಲುವ ಇಳಿಜಾರೆಂದು ಉಗ್ರಾಣಗಳನ್ನು ಕಟ್ಟುವ ಇಂಜಿನಿಯರುಗಳು ಇಟ್ಟುಕೊಳ್ಳುವ ಅಂಕಗಳೂ ಇದರ ಆಸುಪಾಸಿನಲ್ಲಿಯೇ ಇರುತ್ತವೆ. ಯಂತ್ರವಿಲ್ಲದೆ, ಕೋನಮಾಪಕವಿಲ್ಲದೆ, ಕಣಗಳನ್ನು ಸುತ್ತಿ ಸುತ್ತಿ ನೋಡಿದವರ ಕಣ್ಣು ಇದನ್ನು ಗ್ರಹಿಸಿದ್ದಿತು.

ಲೀಲಾವತಿಯ ಉದಾಹರಣೆಯಲ್ಲಿ ಸುತ್ತಳತೆ ೬೦ ಹಸ್ತ. ದಪ್ಪಕಾಳಾದರೆ ಎತ್ತರ ೬. ಅರವತ್ತರ ಆರನೆಯ ಪಾಲು ೧೦, ಅದರ ವರ್ಗ ೧೦೦, ಆರರಿಂದ ಗುಣಿಸಿದರೆ ೬೦೦ ಖಾರಿ. ಗೋಡೆಗೆ ಒರಗಿದ ರಾಶಿ ಅರ್ಧಶಂಕು. ಮೂಲೆಯೊಳಗೆ ಸುರಿದುದು ಕಾಲುಶಂಕು. ಮನೆಯ ಹೊರಮೂಲೆಯನ್ನು ಅಪ್ಪಿಕೊಂಡು ನಿಂತುದು ಮುಕ್ಕಾಲುಶಂಕು. ಇವಕ್ಕೆ ಸುತ್ತಳತೆ ೩೦, ೧೫, ೪೫ ಹಸ್ತಗಳಾದರೆ ಧಾನ್ಯವು ೩೦೦, ೧೫೦, ೪೫೦ ಖಾರಿಗಳೆಂದು ಬರುತ್ತದೆ. ಶಂಕುವನ್ನು ಕತ್ತರಿಸಿದರೆ ಏನಾಗುವುದೆಂದು ಯಾವ ಚಿತ್ರವೂ ಇಲ್ಲದೆ ಮನೆಯ ಗೋಡೆಯಿಂದಲೇ ಕಲಿಸುವ ಈ ಪಾಠವು ಇಂದಿನ ಪುಸ್ತಕಗಳಲ್ಲಿಯೂ ಇರಬಾರದೇಕೆ ಎನಿಸುತ್ತದೆ.

ಇದು ಭಾರತಖಂಡದ ಸ್ವತ್ತು ಮಾತ್ರವೆಂದು ಹೆಮ್ಮೆಪಡುವಂತಿಲ್ಲ. ಚೀನದೇಶದ 'ಒಂಬತ್ತು ಅಧ್ಯಾಯಗಳು' ಎಂಬ ಪ್ರಾಚೀನ ಗಣಿತಗ್ರಂಥದಲ್ಲಿಯೂ ನೆಲದ ಮೇಲೆ ಸುರಿದ ನವಣೆಯ ರಾಶಿಯ ಲೆಕ್ಕವಿದೆ. ಸುತ್ತಳತೆ ಆ ದೇಶದ ಅಡಿಯಲ್ಲಿ ೧೨೦, ಎತ್ತರ ೨೦. ಸುತ್ತಳತೆಯ ವರ್ಗವನ್ನು ಎತ್ತರದಿಂದ ಗುಣಿಸಿ ಮೂವತ್ತಾರರಿಂದ ಭಾಗಿಸಿದರೆ ೮,೦೦೦ ಘನ ಅಡಿ. ಗೋಡೆಗೆ ಒರಗಿದುದಕ್ಕೆ ಭಾಜಕವು ೧೮, ಒಳಮೂಲೆಗೆ ೯. ಸೂತ್ರವು ಅಕ್ಷರಶಃ ಒಂದೇ. ಇವರಿಂದ ಅವರಿಗೆ ಹೋಯಿತೋ, ಅವರಿಂದ ಇವರಿಗೆ ಬಂದಿತೋ, ಅಥವಾ ನವಣೆ ಬೆಳೆಯುವ ಎರಡು ಸೀಮೆಗಳಲ್ಲಿ ಒಂದೇ ಅಗತ್ಯದಿಂದ ಒಂದೇ ಸೂತ್ರವು ಹುಟ್ಟಿತೋ, ಅದನ್ನು ಪಂಡಿತರಿಗೆ ಬಿಡುವುದು ಮೇಲು.

ಇನ್ನು ಈ ಸೂತ್ರದ ದೋಷವನ್ನು ನೋಡಬೇಕು. ಶಂಕುವಿನ ಅಂಶ ನಿರ್ದುಷ್ಟವಾಗಿದೆ. ದೋಷವಿರುವುದು ಪರಿಧಿಯನ್ನು ವ್ಯಾಸದ ಬರಿಯ ಮೂರರಷ್ಟೆಂದು ಎಣಿಸಿದುದರಲ್ಲಿ. ಅದೇ ಲೀಲಾವತಿಯಲ್ಲಿ ೨೨ಕ್ಕೆ ೭ ಎಂಬ ಪ್ರಮಾಣವೂ, ಅದಕ್ಕಿಂತ ಸೂಕ್ಷ್ಮವಾಗಿ ೩೯೨೭ಕ್ಕೆ ೧೨೫೦ ಎಂಬ ಪ್ರಮಾಣವೂ ಇವೆ. ತಿಳಿಯದೆ ಬರೆದುದಲ್ಲ, ಕಣದ ಕೆಲಸಕ್ಕೆ ಮೂರು ಸಾಕೆಂದು ಬಿಟ್ಟುದು. ೨೨ಕ್ಕೆ ೭ರ ಪ್ರಮಾಣದಿಂದ ಮೇಲಿನ ರಾಶಿಯನ್ನು ಮತ್ತೆ ಎಣಿಸಿದರೆ ೬೦೦ ಖಾರಿಗೆ ಬದಲಾಗಿ ೫೭೨ ಖಾರಿಯೂ ಹನ್ನೊಂದರಲ್ಲಿ ಎಂಟು ಪಾಲೂ ಮಾತ್ರ ಬರುತ್ತದೆ. ಇಲ್ಲದ ೨೭ ಖಾರಿಗಳಿಗೂ ಮೇಲ್ಪಟ್ಟ ಧಾನ್ಯವನ್ನು ಸ್ಥೂಲಸೂತ್ರವು ಕಾಗದದ ಮೇಲೆ ಸೃಷ್ಟಿಸುತ್ತದೆ. ನೂರಕ್ಕೆ ಸುಮಾರು ಐದು.

ಐದೇ ಅಲ್ಲವೆ ಎನ್ನಬಹುದು. ಆದರೆ ಆ ಐದು ಯಾರ ತಲೆಯ ಮೇಲೆ ಬೀಳುವುದು? ಹಿಂದೆ ಮೈಸೂರು ಸೀಮೆಯಲ್ಲಿ ಸರ್ಕಾರದ ಪಾಲನ್ನು ಹಣದಿಂದಲ್ಲದೆ ಧಾನ್ಯದಿಂದಲೇ ತೆಗೆದುಕೊಳ್ಳುವ ಬಟಾಯಿ ಪದ್ಧತಿಯು ಬಹು ಕಡೆ ಇದ್ದಿತು. ಜಮೀನಿನ ಒಡೆಯನಿಗೂ ವಾರದಾರನಿಗೂ ನಡುವೆ ಅದು ಸರ್ಕಾರದ ಬಟಾಯಿ ನಿಂತ ಮೇಲೆಯೂ ಬಹುಕಾಲ ನಡೆಯಿತು. ಪಾಲು ಮಾಡುವ ಅಧಿಕಾರಿ ಬರುವ ತನಕ ರಾಶಿಯನ್ನು ಮುಟ್ಟಕೂಡದು. ಕದ್ದರೆ ಗೊತ್ತಾಗಲೆಂದು ಅದರ ಮೈಮೇಲೆ ಮುದ್ರೆಯನ್ನು ಒತ್ತುವುದೂ ಉಂಟು. ಅಧಿಕಾರಿಯು ತಡಮಾಡಿದಷ್ಟೂ ಇಲಿ, ಹಕ್ಕಿ, ಅಕಾಲದ ಮಳೆ ಇವು ತಮ್ಮ ಪಾಲನ್ನು ಮೊದಲು ತೆಗೆದುಕೊಳ್ಳುವುವು. ಇಂಥ ಸ್ಥಿತಿಯಲ್ಲಿ ಲೆಕ್ಕದವನೊಬ್ಬನು ಹಗ್ಗ ಹಿಡಿದು ಮೂವತ್ತಾರರ ಸೂತ್ರದಿಂದ ೬೦೦ ಎಂದು ಬರೆದುಕೊಂಡನೆಂದು ಭಾವಿಸೋಣ. ಕೊಳಗದಿಂದ ಅಳೆದಾಗ ಬಂದುದು ೫೭೨. ರೈತನು ಒಂದು ಕಾಳನ್ನೂ ಮುಟ್ಟಿಲ್ಲ. ಆದರೂ ೨೭ ಖಾರಿಯನ್ನು ಕದ್ದವನಾಗುವನು. ಅಳೆಯದೆ ಅಂದಾಜಿನ ಮೇಲೆಯೇ ಅರ್ಧ ಪಾಲನ್ನು ತೆಗೆದರಂತೂ ಒಡೆಯನಿಗೆ ೩೦೦ ಹೋಗಿ ಬೆಳೆದವನಿಗೆ ಉಳಿಯುವುದು ೨೭೨ ಚಿಲ್ಲರೆ. ನ್ಯಾಯವಾದ ಅರ್ಧಕ್ಕಿಂತ ೧೩ ಖಾರಿಗೂ ಹೆಚ್ಚು ನಷ್ಟ. ಗಣಿತದ ಸ್ಥೂಲತೆಯು ಎರಡು ಕಡೆಗೂ ಸಮನಾಗಿ ಬೀಳುವುದಿಲ್ಲ, ಪಾಲನ್ನು ಮೊದಲು ತೆಗೆಯುವವನು ಯಾವಾಗಲೂ ಉಳಿದುಕೊಳ್ಳುವನು.

ಆದುದರಿಂದಲೇ ಒಕ್ಕಲುಮಕ್ಕಳು ಯಾವ ಸೂತ್ರವನ್ನೂ ನಂಬದೆ ಕೊಳಗವನ್ನೇ ನಂಬಿದರು. ಅಳೆಯುವಾಗ ಮಾತನಾಡಕೂಡದು, ಮೊದಲನೆಯ ಕೊಳಗವನ್ನು ಒಂದು ಎನ್ನದೆ 'ಲಾಭ' ಎಂದು ಎಣಿಸಬೇಕು. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಆದರೆ ಈ ಕೊಳಗದ ತಲೆಯ ಮೇಲೆಯೇ ಇನ್ನೊಂದು ಶಂಕು ಕುಳಿತಿತ್ತು. ಅಂಚಿಗೆ ಸಮನಾಗಿ ಒರಸಿ ಅಳೆಯುವುದು ಒಂದು ಬಗೆ. ಕಾಳು ಹೊರಗೆ ಸುರಿಯುವವರೆಗೂ ಮೇಲೆ ರಾಶಿಗಟ್ಟಿ ಅಳೆಯುವುದು ಇನ್ನೊಂದು ಬಗೆ. ಕೊಡುವಾಗ ಒರಸಿ ತೆಗೆದುಕೊಳ್ಳುವಾಗ ರಾಶಿಗಟ್ಟಿಸುವ ಸಾಹುಕಾರನ ಕಥೆಯನ್ನು ಕೇಳದ ಊರಿಲ್ಲ.

ಆ ತಲೆಯ ಶಂಕು ಎಷ್ಟು? ಶಾಸ್ತ್ರದ ನಿಯಮವನ್ನೇ ಇಲ್ಲಿಗೂ ಅನ್ವಯಿಸಿ ನೋಡಬಹುದು. ರಾಗಿಯಂಥ ಸಣ್ಣಕಾಳೆಂದು ಇಟ್ಟುಕೊಂಡರೆ ಶಂಕುವಿನ ಎತ್ತರವು ಅಂಚಿನ ಸುತ್ತಳತೆಯ ಹನ್ನೊಂದನೆಯ ಒಂದು ಪಾಲು. ಪಾತ್ರೆಯ ಎತ್ತರವೂ ವ್ಯಾಸವೂ ಸಮನಾಗಿದ್ದರೆ ಮೇಲಿನ ರಾಶಿಯು ಒಳಗಿನ ಕಾಳಿನ ಹತ್ತೂವರೆಯಲ್ಲಿ ಒಂದು ಪಾಲಾಗುತ್ತದೆ. ಪಾತ್ರೆಯು ಅಗಲವಾಗಿ, ಎತ್ತರವು ವ್ಯಾಸದ ಅರ್ಧವೇ ಆಗಿದ್ದರೆ ಅದು ಹೆಚ್ಚುಕಡಮೆ ಐದರಲ್ಲಿ ಒಂದು ಪಾಲು! ಹೊಟ್ಟೆಯೊಳಗೆ ಎರಡೂ ಪಾತ್ರೆಗಳು ಒಂದೇ ಸಮನಾಗಿ ಹಿಡಿಯುವಂತೆ ಮಾಡಿಸಿದರೂ, ಅಗಲವಾದ ಪಾತ್ರೆಯು ರಾಶಿಗಟ್ಟಿ ಅಳೆಯುವವನಿಗೆ ಎರಡರಷ್ಟು ಲಾಭವನ್ನು ತರುತ್ತದೆ. ಕೊಳಗಕ್ಕೆ ಮುದ್ರೆಯಿದ್ದರೆ ಮೋಸವಿಲ್ಲವೆಂದು ನಂಬಿದ ರೈತನಿಗೆ ಮೋಸವು ಮುದ್ರೆಯಿಂದ ಮೇಲಕ್ಕೆ ಇರುವುದೆಂದು ತಿಳಿದಿತ್ತೆ? ಕೈಗೆ ತಿಳಿದಿದ್ದಿರಬೇಕು, ಲೆಕ್ಕಕ್ಕೆ ತಿಳಿದಿರಲಾರದು. ೧೯೫೬ರ ಕಾಯಿದೆಯ ತರುವಾಯ ಮೆಟ್ರಿಕ್ ಪದ್ಧತಿಯು ಬಂದು, ಧಾನ್ಯವನ್ನು ಪೇಟೆಯಲ್ಲಿ ತೂಕದ ಮೇಲೆ ಮಾರುವ ವಾಡಿಕೆಯು ಬಲಗೊಂಡ ಮೇಲೆ ಈ ವಿವಾದವು ತಾನಾಗಿ ಕ್ಷೀಣಿಸಿತು. ತಕ್ಕಡಿಗೆ ಆಕಾರದ ಗೊಡವೆಯಿಲ್ಲ.

ಕಣದಿಂದ ಧಾನ್ಯವು ಹೋಗುವುದು ಹಗೇವಿಗೆ. ಗಟ್ಟಿಯಾದ ನೆಲದಲ್ಲಿ ತೋಡಿ, ಒಳಮೈಗೆ ಹುಲ್ಲು ಹಾಸಿ, ಬಾಯನ್ನು ಮಣ್ಣಿನಿಂದ ಮುಚ್ಚಿದ ಹಗೇವುಗಳಲ್ಲಿ ರಾಗಿಯು ವರ್ಷಗಟ್ಟಲೆ ಕೆಡದೆ ಇರುತ್ತಿದ್ದಿತು. ಬರಗಾಲಗಳನ್ನು ಕಳೆದುದು ಇವುಗಳಿಂದಲೇ. ಹಗೇವಿನ ಬಾಯಿ ಕಿರಿದು, ತಳ ಹಿರಿದು. ಎಂದರೆ ತುದಿಯನ್ನು ಕಡಿದ ಶಂಕುವಿನಂಥ ಆಕೃತಿ. ಅದರಲ್ಲಿ ಎಷ್ಟು ಹಿಡಿಯುವುದು?

ಈ ಪ್ರಶ್ನೆಗೆ ಉತ್ತರವನ್ನು ಕನ್ನಡನಾಡಿನ ಗಣಿತಜ್ಞನೇ ಕೊಟ್ಟಿದ್ದಾನೆ. ೯ನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಆ ಕಾಲಕ್ಕೆ ಚಳ್ಳಕೆರೆ, ಮೊಳಕಾಲ್ಮೂರಿನ ಸೀಮೆಯು ರಾಷ್ಟ್ರಕೂಟರಿಗೆ ತಲೆಬಾಗಿದ ನೊಳಂಬರ ಆಳಿಕೆಗೆ ಸೇರಿದ್ದಿತು. ಆ ಗ್ರಂಥವನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರಜಗತ್ತಿಗೆ ಅದರ ಪರಿಚಯವಾಯಿತು. ಅದರ ಖಾತವ್ಯವಹಾರದಲ್ಲಿ, ಎಂದರೆ ಹಳ್ಳಗಳ ಲೆಕ್ಕದಲ್ಲಿ, ಮೂರು ಹಂತದ ಒಂದು ಸೂತ್ರವಿದೆ. ಅದೇ ಸೂತ್ರವು ಬ್ರಹ್ಮಗುಪ್ತನಲ್ಲಿಯೂ ಬೇರೆ ಹೆಸರುಗಳಿಂದ ಇರುವುದು.

ತಳವು ಚೌಕವಾಗಿ ೪ ಮೊಳ, ಬಾಯಿ ೨ ಮೊಳ, ಆಳ ೬ ಮೊಳ ಇರುವ ಹಗೇವೊಂದನ್ನು ತೆಗೆದುಕೊಳ್ಳೋಣ. ಬಾಯಿ ತಳಗಳ ಸರಾಸರಿ ೩ ಮೊಳ. ಅದರ ವರ್ಗ ೯ನ್ನು ಆಳದಿಂದ ಗುಣಿಸಿದರೆ ೫೪. ಇದು ಒಂದು ಅಂದಾಜು, ನಿಜಕ್ಕಿಂತ ಕಡಮೆ. ಬಾಯಿಯ ಕ್ಷೇತ್ರಫಲ ೪, ತಳದ್ದು ೧೬, ಸರಾಸರಿ ೧೦. ಆಳದಿಂದ ಗುಣಿಸಿದರೆ ೬೦. ಇದು ಇನ್ನೊಂದು ಅಂದಾಜು, ನಿಜಕ್ಕಿಂತ ಹೆಚ್ಚು. ಮಹಾವೀರನು ಇವಕ್ಕೆ ಕರ್ಮಾಂತಿಕ, ಔಂಡ್ರ ಎಂದು ಹೆಸರಿಡುತ್ತಾನೆ. ಇವೆರಡರ ಅಂತರವಾದ ೬ನ್ನು ಮೂರರಿಂದ ಭಾಗಿಸಿ ಮೊದಲನೆಯದಕ್ಕೆ ಕೂಡಿಸಿದರೆ ೫೬. ಇದೇ ಸೂಕ್ಷ್ಮಫಲ, ಇಂದಿನ ಬೀಜಗಣಿತದಿಂದಲೂ ಕೂದಲೆಳೆಯಷ್ಟೂ ತಪ್ಪಿಲ್ಲದ ಉತ್ತರ. ಇದೇ ೪, ೨, ೬ ಎಂಬ ಅಂಕಗಳೂ ಇದೇ ೫೬ ಎಂಬ ಉತ್ತರವೂ ಕ್ರಿಸ್ತಪೂರ್ವ ಸುಮಾರು ೧೮೫೦ರ ಈಜಿಪ್ಟಿನ ಒಂದು ಪಪೈರಸ್ ಸುರುಳಿಯಲ್ಲಿವೆ; ಅದು ಈಗ ಮಾಸ್ಕೋ ನಗರದಲ್ಲಿರುವುದು. ಅಲ್ಲಿಯವರು ತುದಿ ಕಡಿದ ಗೋಪುರವನ್ನು ಎಣಿಸಿದರು, ನಾವು ಹಗೇವನ್ನು ಎಣಿಸಿದೆವು, ಅಷ್ಟೇ ಭೇದ. ಹಗೇವು ದುಂಡಾಗಿದ್ದರೆ ವ್ಯಾಸಗಳಿಂದ ಹೀಗೆಯೇ ಎಣಿಸಿ ಬಂದುದನ್ನು ೧೧ರಿಂದ ಗುಣಿಸಿ ೧೪ರಿಂದ ಭಾಗಿಸಿದರೆ ಸರಿಹೋಗುವುದು.

ಈಗ ಆ ಹಗೇವಿನ ಬಾಯಿಯನ್ನು ಕಿರಿದು ಮಾಡುತ್ತ ಮಾಡುತ್ತ ಶೂನ್ಯಕ್ಕೆ ತಂದರೆ ಆಕೃತಿಯು ಸೂಚಿಯಾಗುತ್ತದೆ. ಅಂದಾಜುಗಳು ೨೪ ಮತ್ತು ೪೮, ಅಂತರದ ಮೂರನೆಯ ಪಾಲು ೮, ಸೂಕ್ಷ್ಮಫಲ ೩೨. ತಳ ೧೬ನ್ನು ಆಳ ೬ರಿಂದ ಗುಣಿಸಿದರೆ ೯೬. ೩೨ ಅದರ ಸರಿಯಾದ ಮೂರನೆಯ ಒಂದು. ಸಮಖಾತದ ಮೂರನೆಯ ಒಂದು ಪಾಲು ಸೂಚೀಖಾತವೆಂದು ಬ್ರಹ್ಮಗುಪ್ತನೂ ಭಾಸ್ಕರನೂ ಸ್ಪಷ್ಟವಾಗಿ ಹೇಳಿಯೇ ಇದ್ದಾರೆ.

ಇಷ್ಟು ಸುಲಭವಾಗಿ ಕಾಣುವ ಈ ಮೂರನೆಯ ಒಂದು ಪಾಲಿನಲ್ಲಿ ಆರ್ಯಭಟನಂಥವನೂ ಎಡವಿದನೆಂಬುದು ಆಶ್ಚರ್ಯ. ೪೯೯ರ ಆರ್ಯಭಟೀಯದಲ್ಲಿ ಮುಮ್ಮೂಲೆಯ ಸೂಚಿಯ ಘನಫಲವು ತಳವನ್ನು ಎತ್ತರದಿಂದ ಗುಣಿಸಿದುದರ ಅರ್ಧವೆಂದಿದೆ. ತ್ರಿಭುಜದ ಕ್ಷೇತ್ರಫಲವು ಆಯತದ ಅರ್ಧವಾಗಿರುವುದರಿಂದ ಘನದಲ್ಲಿಯೂ ಅರ್ಧವೇ ಇರಬೇಕೆಂದು ಅವನಿಗೆ ತೋರಿರಬಹುದು. ಇಂದಿನ ಬಾಲಕರೂ ಮೊದಲು ಹೇಳುವ ಉತ್ತರ ಅದೇ. ಆ ಶ್ಲೋಕಕ್ಕೆ ಬೇರೆ ಅರ್ಥವನ್ನು ಹೇಳಿ ಅವನನ್ನು ಕಾಪಾಡಲು ಯತ್ನಿಸಿದವರೂ ಇದ್ದಾರೆ. ಮೇಲಿನ ಉದಾಹರಣೆಯಲ್ಲಿ ಔಂಡ್ರವೆಂಬ ೪೮ ಈ ಅರ್ಧವೇ ಆಗಿರುವುದನ್ನು ವಾಚಕರು ಗಮನಿಸಿರಬಹುದು. ಇನ್ನೂ ವಿಚಿತ್ರವೆಂದರೆ ಸರಿಯಾದ ಉತ್ತರಕ್ಕೆ ಬೇಕಾದ ಕೀಲಿಕೈ ಅದೇ ಆರ್ಯಭಟೀಯದಲ್ಲಿ ಕೆಲವು ಶ್ಲೋಕಗಳ ಆಚೆ ಇದೆ. ಒಂದರಿಂದ ಮೊದಲ್ಗೊಂಡು ಕ್ರಮವಾದ ಸಂಖ್ಯೆಗಳ ವರ್ಗಗಳನ್ನು ಕೂಡಿಸುವ ಸೂತ್ರವೇ ಅದು.

ಅದು ಹೇಗೆಂದರೆ: ಹತ್ತು ಜೋಳದ ರೊಟ್ಟಿಗಳನ್ನು ಸಮನಾದ ದಪ್ಪಕ್ಕೆ ತಟ್ಟಿ, ಅತಿ ಸಣ್ಣದಕ್ಕೆ ಅರ್ಧವ್ಯಾಸ ೧ ಬೆರಳು, ಮುಂದಿನದಕ್ಕೆ ೨, ಹೀಗೆ ದೊಡ್ಡದಕ್ಕೆ ೧೦ ಬೆರಳೆಂದು ಮಾಡಿ, ದೊಡ್ಡದರ ಮೇಲೆ ಸಣ್ಣದನ್ನು ಒಟ್ಟಿದರೆ ಮೆಟ್ಟಿಲುಮೆಟ್ಟಿಲಾದ ಶಂಕುವಾಗುತ್ತದೆ. ರೊಟ್ಟಿಯ ಹಿಟ್ಟು ಅರ್ಧವ್ಯಾಸದ ವರ್ಗದಂತೆ ಬೆಳೆಯುವುದರಿಂದ ಒಟ್ಟು ಹಿಟ್ಟು ೧, ೪, ೯ ಇತ್ಯಾದಿಯಾಗಿ ೧೦೦ರ ವರೆಗೆ ಕೂಡಿಸಿದ ೩೮೫ ಪಾಲು. ಹತ್ತನ್ನೂ ದೊಡ್ಡದಾಗಿಯೇ ತಟ್ಟಿ ಕಂಬದಂತೆ ಒಟ್ಟಿದ್ದರೆ ೧,೦೦೦ ಪಾಲು ಬೇಕಾಗುತ್ತಿತ್ತು. ಅದೇ ಎತ್ತರದಲ್ಲಿ ನೂರು ತೆಳುರೊಟ್ಟಿಗಳಾದರೆ ೧೦,೦೦,೦೦೦ಕ್ಕೆ ೩,೩೮,೩೫೦. ತೆಳುವಾದಷ್ಟೂ ಮೆಟ್ಟಿಲುಗಳು ಮರೆಯಾಗಿ ಪ್ರಮಾಣವು ಮೂರನೆಯ ಒಂದಕ್ಕೆ ಹತ್ತಿರ ಸರಿಯುತ್ತದೆ. ಅದನ್ನು ದಾಟಿ ಕೆಳಕ್ಕೆ ಎಂದಿಗೂ ಇಳಿಯದು. ಆರ್ಯಭಟನು ರೊಟ್ಟಿಗಳನ್ನು ಎಣಿಸಿದನು, ಶಂಕುವನ್ನೂ ಎಣಿಸಿದನು. ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡಲಿಲ್ಲ.

ಗ್ರೀಕರಲ್ಲಿಯೂ ಈ ಸಂಗತಿಗೆ ಇಬ್ಬರು ಬೇಕಾದರು. ಶಂಕುವು ಸ್ತಂಭದ ಮೂರನೆಯ ಒಂದೆಂದು ಮೊದಲು ಹೇಳಿದವನು ಡೆಮೊಕ್ರಿಟಸನು, ಸಾಧಿಸಿದವನು ಯೂಡಾಕ್ಸಸನು. ಹೇಳಿದವನಿಗೂ ಕೀರ್ತಿ ಸಲ್ಲಬೇಕೆಂದು ಆರ್ಕಿಮಿಡೀಸನು ಬರೆದಿಟ್ಟಿದ್ದಾನೆ. ಯೂಕ್ಲಿಡನ ೧೨ನೆಯ ಪುಸ್ತಕದಲ್ಲಿರುವ ಸಾಧನೆಯು ದೀರ್ಘವಾದುದು. ಕತ್ತರಿಯಿಂದ ಕಾಗದವನ್ನು ಕತ್ತರಿಸಿ ಜೋಡಿಸಿ ತ್ರಿಭುಜವು ಆಯತದ ಅರ್ಧವೆಂದು ತೋರಿಸಿದಂತೆ ಸೂಚಿಯನ್ನೂ ತುಂಡುಮಾಡಿ ಜೋಡಿಸಿ ತೋರಿಸಬಾರದೆ ಎಂದು ಬಹುಕಾಲ ಯೋಚಿಸಿದವರುಂಟು. ೧೯೦೦ರಲ್ಲಿ ಹಿಲ್ಬರ್ಟನು ಪ್ಯಾರಿಸ್ ನಗರದಲ್ಲಿ ಮುಂದಿಟ್ಟ ಪ್ರಶ್ನೆಗಳಲ್ಲಿ ಇದೂ ಒಂದು. ಅವನ ಶಿಷ್ಯನಾದ ಡೇನ್ ಎಂಬವನು ಬಹುಬೇಗನೆ ಉತ್ತರ ಕೊಟ್ಟನು: ಅದು ಸಾಧ್ಯವಲ್ಲ. ಚಪ್ಪಟೆ ಮೈಗಳ ಸೂಚಿಗೇ ಹೀಗಾದರೆ ದುಂಡಾದ ಶಂಕುವಿನ ಮಾತೇನು? ಎಲ್ಲಿಯೋ ಒಂದು ಕಡೆ ಅನಂತವಾಗಿ ತೆಳುವಾದ ರೊಟ್ಟಿಗಳನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಸಾಧನೆಯನ್ನು ಬಿಟ್ಟು, ಶಂಕುವಿನಿಂದ ಮೂರು ಸಲ ಮರಳನ್ನು ಸ್ತಂಭಕ್ಕೆ ಸುರಿದು ತೋರಿಸುವ ಉಪಾಧ್ಯಾಯನು ಸೋಮಾರಿಯಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ಲೆಕ್ಕಗಳು ಸಂಸ್ಕೃತದಲ್ಲಿಯೇ ಉಳಿದಿದ್ದರೆ ಶ್ಯಾನುಭೋಗರ ಕೈಗೆ ಬರುತ್ತಿದ್ದುವೋ ಇಲ್ಲವೋ. ೧೨ನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದು ಆ ದಾರಿಯನ್ನು ತೆರೆದನು. ಗಣಿತವನ್ನು ದೇಶಭಾಷೆಯಲ್ಲಿ ಬರೆಯಬಹುದೆ ಎಂಬ ಚರ್ಚೆಯು ಇನ್ನೂ ಕೆಲವು ಕಡೆ ನಡೆಯುತ್ತಿರುವುದು ವಿನೋದಕರ.

ಇಂದು ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ, ಹಿಂದೆ ಅಮೃತಮಹಲ್ ಕಾವಲಾಗಿದ್ದು ಸುತ್ತಣ ಹಳ್ಳಿಗಳ ದನಕುರಿಗಳು ಮೇಯುತ್ತಿದ್ದ ನೆಲದ ೧,೫೦೦ ಎಕರೆಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಆ ನೆಲವನ್ನು ಕೊಟ್ಟ ಬಗ್ಗೆ ಕುರಿಗಾಹಿಗಳ ದೂರು ನ್ಯಾಯಸ್ಥಾನದ ವರೆಗೂ ಹೋಯಿತು. ಅದು ಬೇರೆಯೇ ಲೇಖನದ ವಿಷಯ. ಅಲ್ಲಿ ಗ್ರಾಮಾಂತರ ಶಾಲೆಗಳ ಉಪಾಧ್ಯಾಯರಿಗೆ ವಿಜ್ಞಾನ ಗಣಿತಗಳನ್ನು ಕೈಯಾರೆ ಮಾಡಿ ಕಲಿಸುವ ಶಿಕ್ಷಣವು ನಡೆದುಬಂದಿದೆ.

ಶಂಕುವಿನ ಪ್ರಯೋಗಕ್ಕಾದರೆ ಬೆಲೆಬಾಳುವ ಸಲಕರಣೆ ಬೇಡ. ದಪ್ಪ ಕಾಗದದಿಂದ ಒಂದೇ ಬಾಯಿ, ಒಂದೇ ಎತ್ತರ ಇರುವ ಒಂದು ಶಂಕುವನ್ನೂ ಒಂದು ಸ್ತಂಭವನ್ನೂ ಸುತ್ತಿ, ಎತ್ತರವನ್ನು ಬಾಯಿಯ ವ್ಯಾಸಕ್ಕೆ ಸಮ ಮಾಡಿ, ಮನೆಯಿಂದ ತಂದ ರಾಗಿಯನ್ನು ತುಂಬಿ ಸುರಿದರೆ ಆಯಿತು. ಆದರೆ ಇದನ್ನು ಮಾಡಿಸಿದ ಉಪಾಧ್ಯಾಯರು ಕೆಲವೊಮ್ಮೆ ಪೇಚಿಗೆ ಸಿಕ್ಕುವುದುಂಟು. ಮೂರನೆಯ ಸಲ ಸುರಿಯುವಷ್ಟರಲ್ಲಿಯೇ ಸ್ತಂಭವು ತುಂಬಿ ರಾಗಿಯು ಮೇಜಿನ ಮೇಲೆ ಚೆಲ್ಲುತ್ತದೆ, ಹುಡುಗರು ನಗುತ್ತಾರೆ. ಸೂತ್ರವು ಸುಳ್ಳಾದುದಲ್ಲ, ಶಂಕುವಿನ ಬಾಯಿಯ ಮೇಲೆ ಕಾಳು ರಾಶಿಗಟ್ಟಿರುತ್ತದೆ. ಹನ್ನೊಂದನೆಯ ಒಂದರ ನಿಯಮದಂತೆ ಎಣಿಸಿದರೆ ಆ ತಲೆರಾಶಿಯಿಂದ ಪ್ರತಿ ಸಲವೂ ಕಾಲುಪಾಲಿಗಿಂತ ಹೆಚ್ಚು ಅಧಿಕವಾಗಿ ಹೋಗಿ, ಎರಡೂ ಮೂರನೆಯ ಒಂದು ಸಲಕ್ಕೇ ಸ್ತಂಭವು ತುಂಬುವುದು. ಅಡಿಕೋಲಿನಿಂದ ಅಂಚಿಗೆ ಸಮನಾಗಿ ಒರಸಿ ಸುರಿದರೆ ಸರಿಯಾಗಿ ಮೂರು ಸಲ.